ನಿದ್ದೆಹೋದ ನೆಟ್‌ಬುಕ್

ತೊಂದರೆ ಶುರುವಾದದ್ದು ಆಫೀಸಿನ ನೆಟ್‌ಬುಕ್ ಎಂಬ ಪುಟ್ಟ ಲ್ಯಾಪ್‌ಟಾಪಿಗೂ ಪ್ರೊಜೆಕ್ಟರಿಗೂ ಮಾತು ಬಿಟ್ಟುಹೋದದ್ದರಿಂದ. ಬೆಳಿಗ್ಗೆ ಹತ್ತು ಗಂಟೆಗೆ ಕೋ ಬಿಂಗ್‌ನಾನ್ ಎರಡಕ್ಕೂ ವಯರು ಸಿಕ್ಕಿಸಿ ಗೋಡೆಯ ಕಡೆ ನೋಡಿದ. ಗೋಡೆ ಗೋಡೆಯಾಗಿಯೇ ಇತ್ತು.

ಬೇರೆ ದಿನವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅಂದು ಸಂಜೆ ಏಳಕ್ಕೆ ಛತ್ರಿ ಕಾರ್ಖಾನೆಯ ವರ್ಷಾಂತ್ಯದ ಔತಣ. ಸಣ್ಣಪುಟ್ಟ ಬಹುಮಾನಗಳನ್ನು ಎಂದಿನಂತೆ ಚೀಟಿ ಎತ್ತಿ ಕೊಡುವುದು, ಮೊದಲ ಬಹುಮಾನವನ್ನು ಮಾತ್ರ ಈ ಸಲ ನೆಟ್‌ಬುಕ್ಕಿನಿಂದ ಆರಿಸುವುದು ಎಂದು ಯಜಮಾನಮ್ಮ ಅಪ್ಪಣೆ ಮಾಡಿದ್ದರು. ಅರವತ್ತನಾಲ್ಕು ಜನರ ಹೆಸರು ಪರದೆಯ ಮೇಲೆ ಗಿರಗಿರ ತಿರುಗಿ ಒಂದು ಹೆಸರು ನಿಲ್ಲಬೇಕು, ಹಿಂದೆ ಡೋಲು ಬಾರಿಸಬೇಕು. ಆ ಹೊಣೆ ಗೋದಾಮಿನ ಗುಮಾಸ್ತ ಬಿಂಗ್‌ನಾನ್‌ನದು.

ಮೊದಲ ಬಹುಮಾನ ಹೊಸ ಸ್ಕೂಟರ್. ಅದರ ಮೇಲೆ ಅವನಿಗೂ ಕಣ್ಣಿತ್ತು. ಹದಿನೆಂಟು ವರ್ಷದ ನೌಕರಿಯಲ್ಲಿ ಈ ಔತಣದಿಂದ ಅವನ ಮನೆಗೆ ಬಂದದ್ದು ಏಳು ಥರ್ಮಾಸ್ ಫ್ಲಾಸ್ಕು, ಒಂದಿಷ್ಟು ಟವೆಲು. ಅವನ ಹಳೇ ಸ್ಕೂಟರೋ, ತೈಪೆ ಸೇತುವೆಯ ಏರಿನಲ್ಲಿ ಕೆಮ್ಮಿ ನಿಂತು ಹಿಂದಿನ ನೂರು ಸ್ಕೂಟರುಗಳಿಂದ ದಿನಾ ಬೈಸಿಕೊಳ್ಳುತ್ತಿತ್ತು. "ಇನ್ನೊಂದು ಫ್ಲಾಸ್ಕು ತಂದರೆ ಅದರಲ್ಲೇ ಮಲ್ಕೋ, ನನ್ನ ಹಾಸಿಗೆಗೆ ಬರಬೇಡ" ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು.

"ಅಣ್ಣ, ಪ್ರೊಜೆಕ್ಟರ್ ನಡೆಸೋ ಡ್ರೈವರ್ ಸಾಫ್ಟ್‌ವೇರ್ ಹಳೇದಾಗಿದೆ, ಹೊಸದು ಹಾಕಿ" ಎಂದಳು ಪಕ್ಕದ ಮೇಜಿನ ಪೇಶಾನ್. ಹೆಸರು ತಿರುಗಿಸುವ ಆ ಆಟವನ್ನು ಬರೆದವಳೂ ಅವಳೇ.

ಬಿಂಗ್‌ನಾನ್ ಹೊಸ ಡ್ರೈವರ್ ಇಳಿಸಿಕೊಂಡ. ಮೊದಲು ಯಂತ್ರವನ್ನು ಎಬ್ಬಿಸುವ ಒಳಗಿನ ಫರ್ಮ್‌ವೇರ್ ಹೊಸದಾಗಬೇಕು, ಆಮೇಲೆ ನಾನು ಎಂದಿತು ಡ್ರೈವರ್. ಸರಿ, ಫರ್ಮ್‌ವೇರ್ ಇಳಿಸಿದ. ಊಟದ ಡಬ್ಬಿಯಲ್ಲಿ ಕೊನೆಯ ತುತ್ತು ಉಳಿದಿದ್ದಾಗ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಮೂವತ್ತು ನಿಮಿಷ ಬೇಕು, ಕರೆಂಟು ತೆಗೆಯಬೇಡಿ. ಯಂತ್ರ ಹಟ ಮಾಡದಿರಲಿ ಎಂದು, ಆ ಊರಿನ ಆಫೀಸುಗಳ ರೂಢಿಯಂತೆ, ಅವನು ಅದರ ಪಕ್ಕದಲ್ಲಿ ಹಸಿರು ಪೊಟ್ಟಣದ ಜೋಳದ ಕುರುಕಲು ತಿಂಡಿಯನ್ನೂ ಇಟ್ಟ. ಹಸಿರೇ ಆಗಬೇಕು. ಹಳದಿ ಇಟ್ಟು ಕೆಟ್ಟವರನ್ನು ಅವನು ಕಂಡಿದ್ದ.

ಹನ್ನೆರಡೂವರೆಗೆ ಆಫೀಸಿನ ದೀಪಗಳು ಆರಿದವು. ಎಲ್ಲರೂ ದಿನದಂತೆ ಮೇಜಿನ ಮೇಲೆ ಪುಟ್ಟ ದಿಂಬಿಟ್ಟು ಒಂದು ಗಂಟೆಯ ನಿದ್ದೆಗೆ ತಲೆ ಒರಗಿಸಿದರು. ಯಂತ್ರ ಎಚ್ಚರವಾಗಿದ್ದರೆ ಸಾಕು ತಾನೇಕೆ ಎಂದು ಬಿಂಗ್‌ನಾನ್ ಕೂಡ ಒರಗಿದ.

ದೀಪ ಆರಿಸುವ ಅಧಿಕಾರ ಇಪ್ಪತ್ತೊಂಬತ್ತು ವರ್ಷಗಳಿಂದ ಮೇಯುನ್ ಅಕ್ಕನದು. ಚಹಾ, ಅಂಚೆ, ಗುಸುಗುಸು ಎಲ್ಲವೂ ಅವರ ಇಲಾಖೆಯೇ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒರಗುವ ಮುನ್ನ ಅವರಿಗೆ ಬಿಂಗ್‌ನಾನ್‌ನ ಮೇಜಿನ ಮೇಲೆ ನೀಲಿ ದೀಪವೊಂದು ಮಿಣುಕುವುದು ಕಂಡಿತು. ಎಲ್ಲರೂ ಮಲಗಿರುವಾಗ ಇದೊಂದು ಯಾಕೆ ಕಣ್ಣು ಬಿಟ್ಟುಕೊಂಡಿದೆ ಪಾಪ ಎಂದುಕೊಂಡು, ಕಾಲಿನ ಹೆಬ್ಬೆರಳಿನಿಂದ ನೆಲದ ಮೇಲಿದ್ದ ಪ್ಲಗ್ ಬೋರ್ಡಿನ ಸ್ವಿಚ್ಚನ್ನು ಒತ್ತಿದರು.

ಬ್ಯಾಟರಿ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕರೆಂಟಿನಲ್ಲಿ ನಡೆಸುವಾಗ ಬ್ಯಾಟರಿ ತೆಗೆದಿಟ್ಟರೆ ಬಾಳಿಕೆ ಹೆಚ್ಚು ಎಂಬುದು ಯಜಮಾನಮ್ಮನ ನಂಬಿಕೆ. ಅದು ಬೀರುವಿನಲ್ಲಿ ಮೆತ್ತನೆ ಬಟ್ಟೆ ಸುತ್ತಿಕೊಂಡು ಎಲ್ಲರಿಗಿಂತ ಚೆನ್ನಾಗಿ ನಿದ್ದೆ ಮಾಡುತ್ತಿತ್ತು.

ಒಂದೂವರೆಗೆ ಎದ್ದ ಬಿಂಗ್‌ನಾನ್ ಗುಂಡಿ ಒತ್ತಿದ. ನೆಟ್‌ಬುಕ್ ಏಳಲಿಲ್ಲ. ಮತ್ತೆ ಒತ್ತಿದ. ಅದರ ಮುಖ ಕಪ್ಪಗೇ ಇತ್ತು. ಅವನ ಮುಖ ಬಿಳುಪೇರಿತು.

"ಬೋರ್ಡ್ ಯಾರು ಆರಿಸಿದ್ದು?"

"ನಾನೇ" ಎಂದರು ಮೇಯುನ್ ಅಕ್ಕ, ಪಟ್ಟಿಯನ್ನು ಹಣೆಗೇರಿಸಿ. "ಯಾಕೋ? ಅದಕ್ಕೂ ಒಂದು ಗಂಟೆ ವಿಶ್ರಾಂತಿ ಬೇಡ್ವಾ?"

"ಫರ್ಮ್‌ವೇರ್ ಅರ್ಧಕ್ಕೆ ನಿಂತ್ರೆ ಸತ್ತೇ ಹೋಗುತ್ತೆ ಅಕ್ಕ!"

ಚೀಲ ಹೊರುವ ಆಜೋಂಗ್ ಬಂದು ಹಸಿರು ಪೊಟ್ಟಣವನ್ನು ಎತ್ತಿ ನೋಡಿದ. "ಅಣ್ಣ, ಇದರ ತಾರೀಖು ನೋಡಿದ್ಯಾ? ಹೋದ ತಿಂಗಳೇ ಮುಗಿದಿದೆ."

"ನೋಡು ಮತ್ತೆ!" ಎಂದರು ಮೇಯುನ್ ಅಕ್ಕ, ದೊಡ್ಡ ಭಾರ ಇಳಿದವರಂತೆ. "ತಪ್ಪು ಪೊಟ್ಟಣದ್ದು. ಸುಮ್ನೆ ನನ್ನ ಮೇಲೆ ಹಾಕ್ತಿದ್ದ."

ಬಿಂಗ್‌ನಾನ್ ನೆಟ್‌ಬುಕ್ಕನ್ನು ಅಂಗಿಯೊಳಗೆ ಅವಿತಿಟ್ಟುಕೊಂಡು ಸೇತುವೆ ಕೆಳಗಿನ ರಿಪೇರಿ ಅಂಗಡಿಗೆ ಓಡಿದ. ಅಂಗಡಿಯ ತಿಯೆನ್ ಅದನ್ನು ಕಿವಿಯ ಹತ್ತಿರ ಹಿಡಿದು, ತಲೆಯಾಡಿಸಿ, ಒಂದು ಪೆನ್‌ಡ್ರೈವ್ ಸಿಕ್ಕಿಸಿದ.

"ಈ ಎರಡು ಕೀ ಒತ್ತಿ ಹಿಡ್ಕೊಳ್ಳಿ. ದೀಪ ಮಿಣುಕೋದು ನಿಲ್ಲೋವರೆಗೂ ಬೆರಳು ಎತ್ತಬೇಡಿ. ಸೀನು ಬಂದ್ರೂ ಎತ್ತಬೇಡಿ."

"ಎಷ್ಟು ಹೊತ್ತು?"

"ಅದರ ಮನಸ್ಸು ಬಂದಷ್ಟು ಹೊತ್ತು."

ಬಿಂಗ್‌ನಾನ್ ಒತ್ತಿ ಹಿಡಿದ. ಆಗಲೇ ಜೇಬಿನ ಫೋನು ಬಡಿದುಕೊಂಡಿತು. ತಿಯೆನ್ ಉಪಕಾರಕ್ಕೆಂದು ಅದನ್ನು ತೆಗೆದು ತಾನೇ ಮಾತಾಡಿದ. "ಯಾರು? ಯಜಮಾನಮ್ಮನಾ? ಇಲ್ಲೇ ಇದ್ದಾರೆ ಅಮ್ಮ, ಎರಡೂ ಕೈಗೆ ಬಿಡುವಿಲ್ಲ." ಸತ್ತ ವಿಷಯ ಹೇಳಬೇಡ ಎಂದು ಬಿಂಗ್‌ನಾನ್ ಹುಬ್ಬು, ಗದ್ದ, ಮೂಗು ಎಲ್ಲದರಿಂದ ಸನ್ನೆ ಮಾಡಿದ. ತಿಯೆನ್‌ಗೆ ಅರ್ಥವಾಯಿತು. "ಸಂಜೆ ಲಾಟರಿಗೆ ಯಂತ್ರಾನ ಸರಿ ಮಾಡ್ಕೊಳ್ತಿದ್ದಾರೆ ಅಮ್ಮ. ತಾವೇ ಖುದ್ದಾಗಿ!"

ಇಪ್ಪತ್ತೈದು ನಿಮಿಷದ ಮೇಲೆ ನೆಟ್‌ಬುಕ್ 'ಟಿಣ್' ಎಂದು ಕಣ್ಣು ಬಿಟ್ಟಿತು. ಬಿಂಗ್‌ನಾನ್‌ಗೆ ನಿಜವಾಗಿ ಅಳು ಬಂತು.

"ಒಂದೇ ಕೊರತೆ" ಎಂದ ತಿಯೆನ್. "ಒಳಗಿನ ಗಡಿಯಾರ ನಿಂತುಹೋಗಿದೆ. ನಾಳೆ ತನ್ನಿ, ನೋಡೋಣ."

"ಅದು ನಿಂತ್ರೆ ನಿಲ್ಲಲಿ ಬಿಡಿ. ಏಳು ಗಂಟೆ ಯಾವಾಗ ಆಗುತ್ತೆ ಅಂತ ನಂಗೊತ್ತು."

ಸಂಜೆ ಔತಣದಲ್ಲಿ ಏಳು ಮೇಜುಗಳ ತುಂಬ ಜನ. ಐಸ್ ಬಕೆಟ್ಟಿನಿಂದ ಚೀಟಿ ಎತ್ತಿದ ಬಹುಮಾನಗಳಲ್ಲಿ ಟವೆಲು ಒಬ್ಬನಿಗೆ, ಫ್ಲಾಸ್ಕು ಇನ್ನೊಬ್ಬನಿಗೆ ಹೋದವು. ಬಿಂಗ್‌ನಾನ್‌ಗೆ ಫ್ಲಾಸ್ಕೂ ಬರಲಿಲ್ಲ. ಮೀನುಂಡೆಯ ಸಾರು ಬಂದ ಹೊತ್ತಿಗೆ ಸ್ಕೂಟರಿನ ಸರದಿ. ಪ್ರೊಜೆಕ್ಟರು ಗೋಡೆ ತುಂಬ ಬೆಳಕು ಚೆಲ್ಲಿತು. ಹೆಸರುಗಳು ತಿರುಗಿದವು, ಡೋಲು ಮೊಳಗಿತು. ನಿಂತ ಹೆಸರು: ಕೋ ಬಿಂಗ್‌ನಾನ್.

ಒಂದು ಕ್ಷಣ ಅವನ ಎದೆ ಹೂವಿನಷ್ಟು ಹಗುರವಾಯಿತು. ಮರುಕ್ಷಣ ಆಜೋಂಗ್ ಮೇಜು ಕುಟ್ಟಿದ. "ವಾಪಸ್ ಹಾಕು! ಮತ್ತೆ ಎತ್ತು!" ಏಳೂ ಮೇಜು ಕೂಗತೊಡಗಿದವು. ಎತ್ತುವವನಿಗೇ ಬಹುಮಾನ ಬಂದರೆ ವಾಪಸ್ ಹಾಕುವುದು ಮರ್ಯಾದೆ. ಬಿಂಗ್‌ನಾನ್ ನಗುತ್ತಲೇ, ಒಳಗೊಳಗೇ ಸಂಕಟಪಡುತ್ತ, ಮತ್ತೆ ಗುಂಡಿ ಒತ್ತಿದ.

ನಿಂತ ಹೆಸರು: ಕೋ ಬಿಂಗ್‌ನಾನ್.

ಈಗ ಯಾರೂ ಕೂಗಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಪೇಶಾನ್ ಓಡಿಬಂದು ನೋಡಿ, ಅವನನ್ನು ಕಾಪಾಡಲೆಂದೇ ಮೈಕು ಹಿಡಿದಳು. "ಅಣ್ಣಂದು ತಪ್ಪಿಲ್ಲ! ಈ ಆಟ ಗಡಿಯಾರ ನೋಡಿ ಹೆಸರು ಆರಿಸುತ್ತೆ. ಗಡಿಯಾರ ನಿಂತಿದೆ, ಅದಕ್ಕೇ ಮತ್ತೆ ಮತ್ತೆ ಒಂದೇ ಹೆಸರು!"

"ನಿಲ್ಲಿಸಿದ್ಯಾರು?" ಎಂದಿತು ಹಿಂದಿನ ಮೇಜು.

"ಮಧ್ಯಾಹ್ನವೆಲ್ಲ ಅಂಗಡೀಲಿ ಕೂತು ಸರಿ ಮಾಡ್ಕೊಳ್ತಿದ್ದ ಅಂತ ಫೋನಿನಲ್ಲಿ ಅಂದ್ರಪ್ಪ" ಎಂದರು ಯಜಮಾನಮ್ಮ ನಿಧಾನವಾಗಿ. "ಎರಡೂ ಕೈಗೆ ಬಿಡುವಿರಲಿಲ್ಲವಂತೆ."

ಬಿಂಗ್‌ನಾನ್ ಮೇಯುನ್ ಅಕ್ಕನ ಕಡೆ ನೋಡಿದ. ಸ್ವಿಚ್ಚು ಆರಿಸಿದ್ದು ಮೇಯುನ್ ಅಕ್ಕ ಎನ್ನಲೇ? ಎಲ್ಲರೆದುರು ಮುದುಕಿಯ ಮೇಲೆ ಹಾಕಿದ ಎಂಬ ಮಾತೊಂದು ಬಾಕಿ. ಯಜಮಾನಮ್ಮನೇ ಎದ್ದು, ಅರವತ್ತನಾಲ್ಕು ಚೀಟಿಗಳನ್ನೂ ಮತ್ತೆ ಐಸ್ ಬಕೆಟ್ಟಿಗೆ ಸುರಿದು ಅವನ ಮುಂದೆ ಹಿಡಿದರು.

"ನಾನು ನಿನ್ನ ಮೇಲೆ ಅನುಮಾನ ಪಟ್ಟಿಲ್ಲ. ಎಲ್ಲರೆದುರು ನೀನೇ ಎತ್ತಿ ಹೆಸರು ಓದು. ಇಲ್ಲಿಗೆ ಮುಗೀತು."

ಬಿಂಗ್‌ನಾನ್ ಕಣ್ಣು ಮುಚ್ಚಿ, ತೋಳು ಮಡಿಸಿ, ಬಕೆಟ್ಟಿನ ತಳದವರೆಗೂ ಕೈ ಹಾಕಿ ಕಲಕಿ ಒಂದು ಚೀಟಿ ಎತ್ತಿದ. ಬಿಡಿಸಿದ. ಪೇಶಾನ್‌ಳ ದುಂಡು ಅಕ್ಷರ.

ಕೋ ಬಿಂಗ್‌ನಾನ್.

ಈ ಸಲ ಯಂತ್ರವಿಲ್ಲ, ಗಡಿಯಾರವಿಲ್ಲ. ಹದಿನೆಂಟು ವರ್ಷ ಕಾಯಿಸಿದ ಅದೃಷ್ಟ ತಾನಾಗಿಯೇ ನಡೆದುಕೊಂಡು ಬಂದು ಅವನ ಅಂಗೈಯಲ್ಲಿ ಕೂತಿತ್ತು. ಅವನು ತಲೆ ಎತ್ತಿದ. ಏಳು ಮೇಜು ಅವನ ಬಾಯನ್ನೇ ನೋಡುತ್ತಿದ್ದವು. ಇದನ್ನು ಓದಿದರೆ ನಂಬುವವರು ಒಬ್ಬರಾದರೂ ಇದ್ದಾರೆಯೇ? ನಾಳೆ ಇದೇ ಮುಖ ಹೊತ್ತು ಗೋದಾಮಿಗೆ ಹೋಗಬೇಡವೇ?

"ಬೇಗ ಓದೋ, ಸಾರು ಆರುತ್ತೆ" ಎಂದರು ಎದುರಿಗೇ ಕೂತಿದ್ದ ಮೇಯುನ್ ಅಕ್ಕ.

"ಮೇಯುನ್ ಅಕ್ಕ" ಎಂದು ಓದಿದ ಬಿಂಗ್‌ನಾನ್.

ಚಪ್ಪಾಳೆಗೆ ಮಾಳಿಗೆ ಹಾರಿಹೋಗುವಂತಾಯಿತು. ಯಜಮಾನಮ್ಮ ಚೀಟಿಗೆ ಕೈ ಚಾಚುವ ಮೊದಲೇ ಅವನು ಅದನ್ನು ಒಂದು ಮೀನುಂಡೆಯ ಜೊತೆ ಬಾಯಿಗೆ ಹಾಕಿಕೊಂಡಿದ್ದ.

"ಹಸಿವಾಗಿತ್ತೇನೋ ಪಾಪ" ಎಂದು ಅವರು ಬೆನ್ನು ತಟ್ಟಿದರು. "ನೀನು ಪ್ರಾಮಾಣಿಕ, ನಂಗೆ ಮೊದಲೇ ಗೊತ್ತಿತ್ತು."

ಮೇಯುನ್ ಅಕ್ಕನಿಗೆ ಸ್ಕೂಟರ್ ಓಡಿಸಲು ಬರುತ್ತಿರಲಿಲ್ಲ. ಆದ್ದರಿಂದ ಔತಣ ಮುಗಿದ ಮೇಲೆ ಅವರನ್ನು ಹಿಂದೆ ಕೂರಿಸಿಕೊಂಡು, ಹ್ಯಾಂಡಲಿನ ಕೆಂಪು ರಿಬ್ಬನ್ನೂ ಬಿಚ್ಚದ ಹೊಸ ಸ್ಕೂಟರನ್ನು ಅವರ ಮನೆ ಮುಟ್ಟಿಸುವ ಕೆಲಸವೂ ಬಿಂಗ್‌ನಾನ್‌ಗೇ ಬಂತು. ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಅದೇ ಅವನ ಹೊಟ್ಟೆ ಉರಿಸಿತು.

"ಬಿಂಗ್‌ನಾನ್" ಎಂದು ಅವರು ಹಿಂದಿನಿಂದ ಅವನ ಹೆಲ್ಮೆಟ್ಟಿನ ಮೇಲೆ ಕುಟ್ಟಿದರು. "ಬೇಜಾರು ಮಾಡ್ಕೋಬೇಡ ಕಣೋ. ಯಂತ್ರ ಗಿಂತ್ರ ಎಲ್ಲ ಮೋಸ. ಹೀಗೇ ಕೈಯಾರೆ ಚೀಟಿ ಎತ್ತುತ್ತಾ ಇರು. ಒಂದಲ್ಲ ಒಂದು ವರ್ಷ ನಿನ್ನ ಹೆಸರೂ ಬಂದೇ ಬರುತ್ತೆ."

ಬಿಂಗ್‌ನಾನ್ "ಹೂಂ ಅಕ್ಕ" ಎಂದ.