ಕೆರೆಗೆ ಬಿಟ್ಟ ಮಂದೆ

ಕೆರೆ ನೀರಿನ ಕೆಲಸ ಮಾಡೋ ನನ್ನಂಥವನು ನಗು ಹುಡುಕ್ಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಕ್ಯಾನ್ ಹಿಡಿದು ಹಿಂದೂಪುರದಲ್ಲಿ ಬಸ್ ಹತ್ತಿದರೆ ಸಾಕು.

ಪರಿಗಿ ಕಡೆಯ ಒಂದು ಕೆರೆಗೆ ವಿಷದ ಪಾಚಿ ಬಂದು ನೀರು ಹಸಿರು ಬಣ್ಣ ಕಲಸಿದ ಹಾಗಾಗಿತ್ತು. ಕುಡಿದ ಕುರಿಮರಿಗಳು ಸತ್ತವು. "ಈ ನೀರು ಸರಿಹೋಗ್ನಿಲ್ಲ ಅಂದ್ರೆ ಮಂದೆ ಮಾರ್ಬೇಕು ಕಣಪ್ಪ. ಕುರಿ ಬಿಟ್ರೆ ನಂಗೇನೂ ಬರಾಕಿಲ್ಲ," ಅಂದಿದ್ದಳು ಆ ಊರಿನ ಕುರಿ ಕಾಯೋ ಹೆಂಗಸು. ನಮ್ಮ ಲ್ಯಾಬಿನಲ್ಲಿ ಇದ್ದ ಮದ್ದು ನೀರುಚಿಗಟ. ಸಾಸಿವೆಗಿಂತ ಸಣ್ಣದು, ಪಾಚಿಯನ್ನೇ ಮೇಯೋ ಜೀವ.

೧. ಟಿಕೆಟ್

"ಕ್ಯಾನ್‌ಲೋ ಏಮುಂದಿ ಸಾರ್?" ಅಂತ ಕ್ಯಾನಲ್ಲಿ ಏನಿದೆ ಅನ್ನೋದನ್ನ ತೆಲುಗಲ್ಲಿ ಕೇಳಿದ ಕಂಡಕ್ಟರು.

"ಜೀವ ಇರೋವು. ಕೆರೆ ಮೇಯಾಕೆ ಹೊಂಟವೆ," ಅಂದೆ.

ಕೋಳಿಗೂ ಟಿಕೆಟ್ ಹರಿಯೋ ಮಹರಾಯ ಅವನು. ಮುಚ್ಚಳ ತೆಗೆದು ನೋಡಿದರೆ ನೀರೆಲ್ಲ ಕುಣೀತಿದೆ. ಎಣಿಸೋಕೆ ಶುರು ಮಾಡಿ ಕೈಬಿಟ್ಟ.

"ಇವಕ್ಕೆಲ್ಲ ಹರಿದ್ರೆ ಮಿಷನ್ನೇ ಸುಟ್ಟೋಯ್ತದೆ. ಹೋಗ್ಲಿ, ನಿಂತ್ಕೊಂಡು ಬರ್ಲಿ ಬಿಡಿ."

೨. ಆರತಿ

ಹೊಸ ಜೀವ ಬಂದರೆ ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿಯೇ ಮೇಯಲು ಬಿಡೋದು ಆ ಊರಿನವರ ಪದ್ಧತಿ. ಆ ಕುರಿ ಕಾಯೋ ಹೆಂಗಸು ಅರಿಶಿನದ ನೀರಿನ ಚೊಂಬು ಹಿಡಿದು ಕೆರೆ ಏರಿ ಮೇಲೆ ನಿಂತುಬಿಟ್ಟಿದ್ದಳು.

"ಅದು ಬಿದ್ರೆ ಸತ್ತೋಯ್ತವಮ್ಮ!" ನನಗೆ ಕೋಪವೇ ಬಂತು.

"ಮತ್ತೆ ಕುಂಕುಮ ಇಲ್ದೆ ಹೆಂಗಪ್ಪ ಬಿಡೋದು?"

ವಾದ ಮಾಡಿ ಸೋತೆ. ಕೊನೆಗೆ ಕ್ಯಾನಿನ ಹೊರಮೈಗೆ ಕುಂಕುಮ ಬಿತ್ತು, ಆರತಿಯೂ ಆಯಿತು, ಆಮೇಲೇ ಅವನ್ನು ಕೆರೆಗೆ ಬಿಟ್ಟಿದ್ದು. ಆ ಕ್ಯಾನನ್ನು ತೊಳೆಯೋ ಧೈರ್ಯ ನಮ್ಮ ಲ್ಯಾಬಿನಲ್ಲಿ ಇವತ್ತಿಗೂ ಯಾರಿಗೂ ಇಲ್ಲ.

೩. ಸೋಸಿದ ನೀರು

ಕೆಲವು ವಾರ ಬಿಟ್ಟು ನಾನು ಮತ್ತೆ ಹೋದರೆ ಕೆರೆಯ ತಳದ ಕಲ್ಲು ಕಾಣಿಸ್ತಿತ್ತು. ನೀರು ಪರೀಕ್ಷೆ ಮಾಡಿ, "ವಿಷ ಇಲ್ಲ, ಕುರಿಗೆ ಕುಡಿಸಮ್ಮ," ಅಂದೆ. ಆಕೆಗೆ ಅಳು ಬಂದುಬಿಡ್ತು.

ಮೊದಲು ಇದನ್ನು ನೋಡು ಅಂತ ನೀರುಚಿಗಟಗಳಿದ್ದ ಒಂದು ಶೀಶೆ ಕೆರೆ ನೀರು, ಭೂತಗನ್ನಡಿ ಕೊಟ್ಟೆ. ಗಾಜಿನಂಥ ಮೈ, ಒಳಗೆ ಪಟಪಟ ಬಡಿಯೋ ಗುಂಡಿಗೆ, ಕರುಳೆಲ್ಲ ಹಸಿರು, ಬೆನ್ನಿನ ಚೀಲದಲ್ಲಿ ಮರಿಗಳು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತೆ.

"ಎಲ್ಲಾ ಗಬ್ಬದವೇ ಕಣಪ್ಪ. ಟಗರೆಲ್ಲಿ?"

"ಟಗರು ಬೇಕಿಲ್ಲ. ಮೇವಿದ್ರೆ ತಾವೇ ಮರಿ ಹಾಕ್ತವೆ."

ಆಕೆ ಕೆರೆಗೆ ಕೈಮುಗಿದಳು. ಅಷ್ಟರಲ್ಲಿ ಕುರಿಗಳು ನೀರಿಗೆ ನುಗ್ಗಿದವು. ಇಷ್ಟು ದಿನ ಇದಕ್ಕೇ ಕಾದಿದ್ದವಳು ಕೋಲು ಅಡ್ಡ ಹಿಡಿದು ಅಷ್ಟನ್ನೂ ಹಿಂದಕ್ಕೆ ಓಡಿಸಿದಳು.

"ಬಸುರೀರು ಅವ್ರೆ ನೀರಲ್ಲಿ! ಕುಡಿದ್ರೆ ಹೊಟ್ಟೆಗೆ ಹೋಯ್ತವೆ."

ಬಕೆಟ್ಟಿಗೆ ಸೆರಗು ಹಿಡಿದು ನೀರು ಸೋಸಿದಳು. ಸೆರಗಲ್ಲಿ ಸಿಕ್ಕಿದ್ದನ್ನು ಮೆಲ್ಲಗೆ ಕೆರೆಗೇ ಬಿಟ್ಟಳು. ಹೊಂಗೆ ನೆರಳಲ್ಲಿ ಮಲಗಿದ್ದ ಆಕೆಯ ಗಂಡ ಎದ್ದು ಕೂತು, "ಅಷ್ಟು ಕುರಿಗೂ ಹಿಂಗೇ ಸೋಸ್ತೀಯೇನೆ?" ಅಂದ.

ಬಕೆಟ್ಟು ಅವನ ಮುಂದೆ ಇಟ್ಟಳು.

"ನಾನ್ಯಾಕೆ, ನೀನು ಸೋಸು. ಕೆರೇಲಿರೋ ಮಂದೇಲಿ ಗಂಡುಸ್ರಿಗೆ ಕೆಲ್ಸ ಇಲ್ವಂತೆ. ನಮ್ ಮಂದೇಲಾದ್ರೂ ಇರ್ಲಿ."