ಹತ್ತು ವರ್ಷದ ಗೆರೆ ಮತ್ತು ಮಾಲನ್‌ಬಿಯ ಪಿತ್ತಕೋಶ

ಅಥವಾ ಡಾಕ್ಟರ್ ಸಾಹೇಬರು ಹಾಗೆ ಕೇಳಲೇ ಇಲ್ಲವೇನೋ. ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಆದದ್ದಕ್ಕಿಂತ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೇ ಅದು ಹೆಚ್ಚು ಜೋಪಾನ ಮಾಡುತ್ತದೆ. ಆದರೂ ಅವರು ಕುರ್ಚಿಯಿಂದ ಅರ್ಧ ಎದ್ದು, "ಮೇಡಂ, ಈ ಸರ್ಕಾರಿ ವಿಮೆ ಇನ್ನ ಹತ್ತು ವರ್ಷದಾಗ ನಮ್ಮಂಥ ದವಾಖಾನಿಗೆ ಎಷ್ಟ್ ಕೊಡ್ತದ, ಒಂದು ಅಂದಾಜು ಹಾಕ್ರಿ. ಕರಾರಿಗೆ ಮತ್ತ ಸಹಿ ಮಾಡಬೇಕೋ ಬಿಡಬೇಕೋ, ನಾಳಿಗೆ ಹೇಳಬೇಕಾಗ್ಯದ" ಎಂದರು ಎಂದೇ ಇಟ್ಟುಕೊಳ್ಳೋಣ.

ನಾನು ಅಫಜಲಪುರದಲ್ಲಿ ಈ ಡಾಕ್ಟರರದೇ ಆದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ವಿಮೆ ಕಾರ್ಡಿನ ಮೇಜಿಗೆ ಕೂರುವವಳು. ರೋಗಿಯ ಕಾಗದಪತ್ರ ಮೇಲಕ್ಕೆ ಕಳಿಸಿ, ಮಂಜೂರಾತಿ ಬರುವವರೆಗೆ ಕಂಪ್ಯೂಟರನ್ನು ದಿಟ್ಟಿಸುವುದು ನನ್ನ ಕೆಲಸ. ಮನೆಯಲ್ಲಿ ನಾಳೆ ಯಾವ ಪಲ್ಯ ಎಂಬುದನ್ನೂ ನನ್ನನ್ನು ಕೇಳುವವರಿಲ್ಲ. ಅದು ಅತ್ತೆಯ ಖಾತೆ. ಅಂಥವಳಿಗೆ ಒಮ್ಮೆಲೇ ಹತ್ತು ವರ್ಷ! ಖುಷಿ ತಡೆಯಲಾರದೆ ಜೇವರ್ಗಿಯಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. "ಗಣಿತದ ಪರೀಕ್ಷೆಗೆ ಮೂರು ಸಲ ಕುಂತಾಕಿ ನೀ. ಡಾಕ್ಟರಿಗೆ ಗೊತ್ತದ ಏನಬೇ?" ಎಂದ. ಗೊತ್ತಿರಲಿಲ್ಲ. ಹೇಳುವ ಉದ್ದೇಶವೂ ನನಗಿರಲಿಲ್ಲ.

ದೊಡ್ಡ ಹಾಳೆಯ ಮೇಲೆ ಗೆರೆಗಳನ್ನು ಎಳೆದೆ. ಸರ್ಕಾರದ ಒಟ್ಟು ಖರ್ಚಿನದು ಸರಸರನೆ ಮೇಲೇರಿತು, ಯಾಕೆಂದರೆ ಮುದುಕರು ಹೆಚ್ಚುತ್ತಾರೆ, ಕಾರ್ಡುಗಳು ಹೆಚ್ಚುತ್ತವೆ, ಹೊಸ ಹೊಸ ಆಪರೇಷನ್ನುಗಳು ಪಟ್ಟಿಗೆ ಸೇರುತ್ತವೆ. ಆಪರೇಷನ್ನಿನ ಹೊಲಿಗೆ ದಾರದ ಬೆಲೆಯೂ ಅದರ ಬೆನ್ನಿಗೆ ಬಿತ್ತು. ಆದರೆ ಒಂದು ಆಪರೇಷನ್ನಿಗೆ ನಮಗೆ ಕೊಡುವ ದರದ ಗೆರೆ ಉಂಡು ಮಲಗಿದವರಂತೆ ಅಡ್ಡಕ್ಕೆ ಬಿದ್ದುಕೊಂಡಿತು. ದರ ಏರಿಸಿದರೆ ಬೊಕ್ಕಸಕ್ಕೆ ಕಷ್ಟ. ಏರಿಸದಿದ್ದರೆ ನಮ್ಮಂಥವರು ಯೋಜನೆ ಬಿಡುತ್ತಾರೆ. ಆಳಂದದ ಕಡೆ ಯಾರೋ ಬಿಟ್ಟರಂತೆ ಎಂದು ಕೇಳಿದ್ದೆ, ಅಥವಾ ಹೆದರಿಕೆಗೆ ನಾನೇ ಕಲ್ಪಿಸಿಕೊಂಡಿದ್ದೆ. ಇಷ್ಟು ದೂರದ್ದು ಕಂಡ ಉತ್ಸಾಹದಲ್ಲಿ ಕೆಂಪು ಪೆನ್ನೂ ತಂದೆ!

ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಒಂದು ತಕರಾರು ಬಂತು. ಚೌಡಾಪುರದ ಮಾಲನ್‌ಬಿಗೆ ಪಿತ್ತಕೋಶದಲ್ಲಿ ಕಲ್ಲು. ಆರು ತಿಂಗಳಿಂದ ನೋವು ತಿಂದು, ನಾಳೆ ಬೆಳಿಗ್ಗೆ ಆಪರೇಷನ್ ಎಂದು ದಾಖಲಾಗಿದ್ದಳು. ಮೇಲಿನವರು ಅವಳ ಫೋಟೊ ನೋಡಿ, "ರೋಗಿ ಆರೋಗ್ಯವಾಗಿ ಕಾಣುತ್ತಾರೆ. ಹಾಸಿಗೆಯ ಮೇಲಿರುವ ಬೇರೆ ಫೋಟೊ ಕಳಿಸಿ" ಎಂದು ಬರೆದಿದ್ದರು. ಡಾಕ್ಟರು ಅದನ್ನೋದಿ ಮುಖ ಕೆಂಪಗೆ ಮಾಡಿಕೊಂಡರು. "ಕೊಡೋದು ಇಷ್ಟೇ ಇಷ್ಟು, ಅದಕ್ಕೂ ಇಷ್ಟು ಕಿರಿಕಿರಿ! ಸಂಜಿಮಟ ಮಂಜೂರಾತಿ ಬರಲಿಲ್ಲಂದ್ರ ನಾ ಈ ಯೋಜನೆನೇ ಬಿಡ್ತೇನಿ. ನಿಮ್ಮ ಹತ್ತು ವರ್ಷದಾಗ ಇದನ್ನೂ ಬರಕೋರಿ." ಅವರು ಬಿಟ್ಟರೆ ಮಾಲನ್‌ಬಿ ಕಲ್ಲು ಹೊತ್ತುಕೊಂಡೇ ಕಲಬುರಗಿಗೆ ಹೋಗಿ ಮತ್ತೆ ಸರದಿ ಹಿಡಿಯಬೇಕಿತ್ತು.

ವಾರ್ಡಿಗೆ ಓಡಿದೆ. ಮಾಲನ್‌ಬಿ ಕಣ್ಣಿಗೆ ಸುರ್ಮಾ, ಕೈತುಂಬ ಹಸಿರು ಬಳೆ, ಸೊಸೆಯ ಜರಿ ಸೀರೆಯಲ್ಲಿ ನೆಟ್ಟಗೆ ಕೂತಿದ್ದಳು. ಈ ಕಡೆ ಫೋಟೊ ಅಂದರೆ ಎಲ್ಲರೂ ಹೀಗೆಯೇ. ಕೈಗೆ ಸಲೈನ್ ಹಚ್ಚಿಸಿಕೊಂಡವರೂ ಬಾಚಣಿಗೆ ಕೇಳುತ್ತಾರೆ.

"ಚಾಚಿ, ಇನ್ನೊಂದು ಫೋಟೊ ಬೇಕಾಗ್ಯದ. ಸ್ವಲ್ಪ ಬ್ಯಾನಿ ಇದ್ದೋರಂಗ ಕಾಣ್ರಿ."

"ಅರೆ ಅಕ್ಕಾ, ಸರ್ಕಾರದೋರು ನೋಡೋ ಫೋಟೊ ಅಂತ ನೀವೇ ಅಂದ್ರಿ. ಹಂಗೇ ಹೊಲಸ್ ಮಾರಿ ಕಳಸ್ಲೇನು? ಚೌಡಾಪುರದಾಗ ಬಳಿ ಸಿಗಂಗಿಲ್ಲೇನು ಅಂದಾರು."

"ನಿಮಗ ಬ್ಯಾನಿ ಇಲ್ಲ ಅಂತಾರ್ರಿ ಅವರು!"

"ಬ್ಯಾನಿ ಅದ, ಖರೆ. ಫೋಟೊ ತೆಗಿಯೋ ಹೊತ್ತಿಗೆ ಬರಂಗಿಲ್ಲ, ಅಷ್ಟೇ."

ನಾನೇ ಮಾಡಿ ತೋರಿಸುವುದೆಂದು ನಿರ್ಧರಿಸಿದೆ. ಮಾದರಿಗೊಂದು ಫೋಟೊ ತೆಗೆಯಲೆಂದು ನನ್ನ ಫೋನನ್ನು ನರ್ಸ್ ಶೋಭಾಳ ಕೈಗಿತ್ತು, ಪಕ್ಕದ ಖಾಲಿ ಹಾಸಿಗೆಯಲ್ಲಿ ಉರುಳಿ, ಗಂಟಲತನಕ ಚಾದರ ಎಳೆದು, ಹಲ್ಲು ಕಚ್ಚಿ, ಕಣ್ಣು ಮುಚ್ಚಿ ನರಳಿದೆ. ಮಾಲನ್‌ಬಿ ಗಲ್ಲಕ್ಕೆ ಕೈಹಚ್ಚಿದಳು. "ಅಯ್ಯ ಅಕ್ಕಾ, ಇದು ಹೊಟ್ಟಿಬ್ಯಾನಿ ಅಲ್ಲ. ಹಡಿಯಾಕತ್ತೀರಿ ನೀವು!"

ಇಡೀ ವಾರ್ಡು ನಕ್ಕಿತು. ಎಲ್ಲರಿಗಿಂತ ಹೆಚ್ಚು ಮಾಲನ್‌ಬಿ ನಕ್ಕಳು. ನಗುತ್ತ ನಗುತ್ತಲೇ ಬಲಪಕ್ಕೆಗೆ ಕೈಯೊತ್ತಿ ಹಾಸಿಗೆಗೆ ಕುಸಿದಳು. ನಿಜವಾದ ನೋವು ಬಂದಿತ್ತು. ನಾನು ನಿಜವಾಗಿಯೂ ಹೆದರಿದೆ. "ತಗೀರಿ, ಲಗೂ ತಗೀರಿ! ಈಗ ಬಂತು!" ಎಂದು ಅವಳೇ ಕೂಗಿದಳು. ಶೋಭಾ ಟಕಟಕ ಒತ್ತಿದಳು, ಅಲ್ಲಿಂದಲೇ ಮೇಲಕ್ಕೆ ಕಳಿಸಿಯೂಬಿಟ್ಟಳು, ಆಮೇಲೆ ಇಂಜೆಕ್ಷನ್ನಿಗೆ ಓಡಿದಳು.

ಸಂಜೆ ಐದಕ್ಕೆ ಮಂಜೂರಾತಿ ಬಂತು! ನಾನು ಕುರ್ಚಿಯಿಂದ ಹಾರಿದ್ದು ಮಾತ್ರ ಖಂಡಿತ ನೆನಪಿದೆ, ಮೊಣಕಾಲಿನ ಗಾಯವೂ ಇದೆ. ಮರುದಿನ ಡಾಕ್ಟರು ಮಾಲನ್‌ಬಿಯ ಕಲ್ಲುಗಳನ್ನು ಬಾಟಲಿಯಲ್ಲಿ ಅಲ್ಲಾಡಿಸುತ್ತ ಬಂದು, ನನ್ನ ಹಾಳೆಯನ್ನು ತಿರುವಿ ನೋಡಿ, "ಗೆರಿ ಚಲೋ ಎಳದೀರಿ. ಹತ್ತು ವರ್ಷದ್ದು ಇರಲಿ, ಸದ್ಯ ಈ ಸಲದ್ದಕ್ಕ ಮಾಡ್ತೇನಿ" ಎಂದು ಕರಾರಿಗೆ ಸಹಿ ಹಾಕಿದರು.

ಆಮೇಲೆ ಫೋನು ತೆರೆದು ನೋಡಿದರೆ ಅದರಲ್ಲಿ ಎರಡು ಬಗೆಯ ಫೋಟೊಗಳಿದ್ದವು. ಕೆಲವುಗಳಲ್ಲಿ ಪಕ್ಕೆ ಹಿಡಿದ ಮಾಲನ್‌ಬಿ, ಒಂದರಲ್ಲಿ ಚಾದರದೊಳಗೆ ಹಲ್ಲು ಕಚ್ಚಿದ ನಾನು. ಗಡಿಬಿಡಿಯಲ್ಲಿ ಯಾವುದನ್ನು ಕಳಿಸಿದಳೋ ಶೋಭಾಳಿಗೇ ನೆನಪಿಲ್ಲ. ಒಮ್ಮೆ ಹೋದ ಫೋಟೊ ನಮ್ಮ ಕಡೆಯಿಂದ ತೆರೆಯುವುದಿಲ್ಲ. ಹತ್ತು ವರ್ಷದ ಮುಂದಿನದ್ದು ಹಾಗಿರಲಿ, ಅವತ್ತು ಸರ್ಕಾರ ಯಾರ ನೋವನ್ನು ನಂಬಿತು ಎಂಬುದೂ ನನಗೆ ಗೊತ್ತಿಲ್ಲ.