ಸಪ್ಪಳ ಮಾಡುವ ಚಿಲಕ

ನಮ್ಮ ಮಾವನವರು ಯಾರ ಮನೆಗೆ ಹೋದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಬಚ್ಚಲಮನಿ ಎಲ್ಲಿ ಅದರಿ?" ಕ್ಷೇಮ ಸಮಾಚಾರ ಕೂಡ ಆಗಿರುವುದಿಲ್ಲ! ಪಾಪ, ವಯಸ್ಸಾದವರು, ಸಕ್ಕರೆ ಕಾಯಿಲೆ ಇರಬೇಕೆಂದು ಮನೆಯವರು ಮರುಗಿ ದಾರಿ ಬಿಡುತ್ತಾರೆ. ಚಹಾಕ್ಕೂ ಸಕ್ಕರೆ ಹಾಕದೆ ತರುತ್ತಾರೆ. ಅವರಿಗೆ ಯಾವ ಕಾಯಿಲೆಯೂ ಇಲ್ಲ ಬಿಡಿ. ಇರುವುದು ಒಂದೇ ಹುಚ್ಚು, ಚಿಲಕದ ಹುಚ್ಚು. ಒಳಗೆ ಹೋಗಿ ಚಿಲಕ ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಹೊರಗೆ ಬಂದು ಆ ಸಪ್ಪೆ ಚಹಾ ಕುಡಿಯುತ್ತ ವರದಿ ಒಪ್ಪಿಸುತ್ತಾರೆ: "ಭಾಳ ಬಿಗಿ ಆಗೇದ್ರಿ. ತೂತು ಒಂದೀಟು ಕೆಳಗ ಸರಸ್ರಿ."

ವಿಜಯಪುರದ ಕಡೆಯವರು. ಪುಣೆಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿ ಜೀವನವೆಲ್ಲ ದುಡಿದು, ಧನಕವಡಿಯಲ್ಲಿ ಮನೆ ಮಾಡಿಕೊಂಡು ನಿವೃತ್ತರಾದವರು. ನಾನು ತುಮಕೂರಿನವಳು. ನನ್ನನ್ನು ನೋಡಲು ಅವರ ಮನೆಯವರೆಲ್ಲ ಬಂದ ದಿನ ಕೇಸರಿಬಾತು ಆರುತ್ತಿದ್ದರೂ ಹುಡುಗನ ತಂದೆ ನಾಪತ್ತೆ! ಬಚ್ಚಲಿನಿಂದ ಕಟಕಟ ಸದ್ದು. ಅಪ್ಪ ಗಾಬರಿಯಿಂದ ಓಡಿದರೆ, ಇವರು ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು, ಜೇಬಿನ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಾರೆ. "ಹುಡುಗಿ ಪಾಸ್ ರೀ. ಚಿಲಕ ಫೇಲ್ ಇತ್ತು, ಈಗ ಅದೂ ಪಾಸ್!" ಎಂದರು. ಆ ಚಿಲಕವನ್ನು ಸರಿಮಾಡಿಸಿ ಎಂದು ಅಪ್ಪನಿಗೆ ವರ್ಷಗಟ್ಟಲೆ ಹೇಳಿ ಸೋತಿದ್ದ ಅಮ್ಮ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಉಸುರಿದಳು: "ಹುಡುಗ ಹೇಗಾದ್ರೂ ಇರಲಿ ಕಣೇ, ನನಗೆ ಈ ಬೀಗರು ಬೇಕು!"

ಹೀಗೆ ಚಿಲಕದ ದೆಸೆಯಿಂದ ಮದುವೆಯಾದವಳು ನಾನು. ಅದರ ಮುಂದಿನ ಕಥೆಗೆ ನಾನೇ ಸಿಕ್ಕಿಹಾಕಿಕೊಳ್ಳುತ್ತೇನೆಂದು ಯಾರಿಗೆ ಗೊತ್ತಿತ್ತು?

ನನ್ನ ನಾದಿನಿ ಪುಣೆಯ ಇನ್ನೊಂದು ತುದಿಯ ವಾಕಡದಲ್ಲಿ ಹೊಸ ಫ್ಲ್ಯಾಟ್ ತಗೊಂಡಳು. ವಾಸ್ತುಶಾಂತಿಯ ದಿನ ಭಟ್ಟರು ಮಂತ್ರ ಹೇಳುತ್ತಿದ್ದಾಗ ಮಾವನವರು ಮಗಳ ಮನೆಯ ಚಿಲಕಗಳ ತಪಾಸಣೆ ಮುಗಿಸಿ ಬಾಲ್ಕನಿಗೆ ಹೋದವರು ಅಲ್ಲೇ ಉಳಿದರು. ಹೋಳಿಗೆ ಬಡಿಸಿದರೂ ಬರಲಿಲ್ಲ. ಕರೆಯಲು ನನ್ನನ್ನು ಕಳಿಸಿದರು. ಎದುರಿಗೆ ಇನ್ನೊಂದು ದೊಡ್ಡ ಕಟ್ಟಡ ಏಳುತ್ತಿತ್ತು, ಅಲ್ಲಿ ಊಟದ ಬಿಡುವಿನ ಹೊತ್ತು. ಅದರ ಬುಡದಲ್ಲಿ ಕೂಲಿಯವರ ತಗಡಿನ ಶೆಡ್ಡುಗಳು, ಪಕ್ಕದಲ್ಲಿ ಸಾಲಾಗಿ ತಗಡಿನ ಪಾಯಖಾನೆಗಳು.

"ಅಲ್ಲಿ ನೋಡವಾ. ಒಂದೊಂದು ಬಾಗ್ಲಾ ಹಿಡದು ಒಬ್ಬೊಬ್ಬಾಕಿ ಹೊರಗ ನಿಂತಾಳ. ಯಾಕ?"

"ಒಳಗೆ ಇನ್ನೊಬ್ಬರು ಇರ್ತಾರೆ ಮಾವ. ಚಿಲಕ ಇರಲ್ಲ ಅನ್ಸುತ್ತೆ."

ಆ ಮಾತು ನನ್ನ ಬಾಯಿಂದ ಯಾಕಾದರೂ ಬಂತೋ! ಹೋಳಿಗೆ ಹೋಳಿಗೆಯ ಜಾಗದಲ್ಲೇ ಉಳಿಯಿತು. ರೇಷ್ಮೆ ಸೀರೆಯಲ್ಲಿದ್ದ ನನ್ನನ್ನು ಕರೆದುಕೊಂಡು ಮಾವನವರು ಲಿಫ್ಟ್ ಇಳಿದರು. ಹೆಂಗಸರ ಪಾಯಖಾನೆ ವಿಷಯ ತಾವು ಕೇಳಬಾರದು, ನಾನೇ ಕೇಳಬೇಕಂತೆ. "ಇವತ್ತಿಂದ ನೀನು ಸೈಟ್ ಇಂಜಿನಿಯರ್" ಎಂದು ಅಲ್ಲೇ ನೇಮಕವೂ ಆಯಿತು.

ಹೋಗಿ ನೋಡಿದರೆ ಎಲ್ಲರೂ ನಮ್ಮವರೇ, ಯಾದಗಿರಿ ಕಡೆಯವರು. ಒಂದೊಂದು ಶೆಡ್ಡಿನಲ್ಲಿ ಎರಡು ಮೂರು ಸಂಸಾರ, ನಡುವೆ ಸೀರೆ ಕಟ್ಟಿದ್ದೇ ಗೋಡೆ. ಸಾಬಮ್ಮ ಎಂಬ ಹುಡುಗಿ ತುಂಬಿದ ಬಸುರಿ, ಚಾಪೆಯ ಮೇಲೆ ಸೊರಗಿ ಕೂತಿದ್ದಳು. ಗಂಡ ಅದೇ ಕಟ್ಟಡದಲ್ಲಿ ಕಬ್ಬಿಣದ ಸರಳು ಬಗ್ಗಿಸುವವನು. ಅವಳ ಮೈ ಬೆಂಕಿಯ ಹಾಗೆ ಸುಡುತ್ತಿತ್ತು. ಉರಿಮೂತ್ರ, ಜ್ವರ. ನೀರು ಕುಡಿಯದಿದ್ದರೆ ನಿನಗೂ ಕಷ್ಟ, ಕೂಸಿಗೂ ಕಷ್ಟ ಎಂದು ಆಸ್ಪತ್ರೆಯಲ್ಲಿ ಗದರಿ ಗುಳಿಗೆ ಕೊಟ್ಟಿದ್ದರಂತೆ.

"ಮತ್ತೆ ಕುಡೀಬಾರ್ದೇನಮ್ಮ?" ಎಂದೆ.

"ಹ್ಯಾಂಗ್ ಕುಡೀಲ್ರಿ ಅಕ್ಕಾರ? ಕುಡದ್ರ ಹೋಗ್ಬೇಕಾಗ್ತದ. ಹಗಲೊತ್ತು ಎಲ್ಲಾರೂ ಕೆಲಸಕ್ಕ ಹೋಗಿರ್ತಾರ. ಬಾಗ್ಲಾ ಯಾರು ಹಿಡೀಬೇಕ್ರಿ?"

ದೂರ ನಿಂತಿದ್ದ ಮಾವನವರಿಗೆ ಬಂದು ಹೇಳಿದೆ. ಕೇಳಿದವರೇ ಸೀದಾ ಕೂಲಿಯವರ ಮೇಸ್ತ್ರಿ, ಮುಕಾದಮನ ಹತ್ತಿರ ಹೋದರು. ಅವನು ಮರಾಠಿಯವನು. "ಆಜೋಬಾ, ಕಶಾಲಾ ತ್ರಾಸ ಘೇತಾ?" ಎಂದು ನಕ್ಕ. ಯಾಕೆ ತ್ರಾಸು ತಗೋತೀರಿ ಅಜ್ಜಾ, ಎಷ್ಟು ಸಲ ಚಿಲಕ ಹಾಕಿಸಿದರೂ ತಗಡಿನ ಬಾಗಿಲಿಗೆ ನಿಲ್ಲುವುದಿಲ್ಲ ಎಂದ.

"ನಿಲ್ಲೂದಿಲ್ಲ ಅಂದ್ರ ಹ್ಯಾಂಗ? ನಿಲ್ಲಸ್ಬೇಕು!" ಎಂದರು ಮಾವನವರು. ಸಿಟ್ಟಿನಲ್ಲಿ ಕನ್ನಡದಲ್ಲೇ ಹೇಳಿದರು, ಆದರೂ ಅವನಿಗೆ ಅರ್ಥವಾದಂತಿತ್ತು.

ಮರುದಿನವೇ ತಮ್ಮ ಟ್ರಂಕಿನಿಂದ ಹಿತ್ತಾಳೆಯ ಚಿಲಕವೊಂದನ್ನು ತೆಗೆದರು. ಬೆಣ್ಣೆಯಲ್ಲಿ ಜಾರಿದಂತೆ ಜಾರುತ್ತಿತ್ತು, ಒಂಚೂರೂ ಸದ್ದಿಲ್ಲ! ಎರಡು ಬಸ್ಸು ಬದಲಿಸಿ ವಾಕಡಕ್ಕೆ ಹೋಗಿ ಒಂದು ಬಾಗಿಲಿಗೆ ಕೂರಿಸಿದರು. ನಡುಹಗಲು. ಹೆಂಗಸರು ಯಾರೂ ಇಲ್ಲದ ಹೊತ್ತು ನೋಡಿ, ನನ್ನನ್ನು ಹೊರಗೆ ಕಾವಲಿಗೆ ನಿಲ್ಲಿಸಿ, ಪರೀಕ್ಷೆಗೆಂದು ತಾವೇ ಒಳಹೊಕ್ಕರು. ಚಿಲಕ ಬಿತ್ತು. ಬಿಸಿಲಿಗೆ ತಗಡು ಉಬ್ಬಿತೋ, ಬಾಗಿಲು ಜೋತುಬಿತ್ತೋ, ಬಿದ್ದ ಚಿಲಕ ಮೇಲೇಳಲಿಲ್ಲ! ಅಷ್ಟರಲ್ಲಿ ಊಟದ ಬಿಡುವಿಗೆ ಹೆಂಗಸರೆಲ್ಲ ಬಂದರು. ಒಳಗಿನಿಂದ ದಬದಬ ಬಡಿತ.

"ಒಳಗ ಯಾರದೀರಿ?" ಎಂದು ಒಬ್ಬಳು ಕೂಗಿದಳು.

"ನಾನವಾ, ಇಂಜಿನಿಯರ್!"

ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಹೆಂಗಸರು ಬಾಗಿಲನ್ನು ಹೆಗಲಿನಿಂದ ಎತ್ತಿ ಹಿಡಿದ ಮೇಲೆ ಮಾವನವರು ಬೆವರಿನಲ್ಲಿ ಮಿಂದು ಹೊರಬಂದರು. ಜ್ವರದ ಸಾಬಮ್ಮ ಕೂಡ ಎದ್ದು ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಜ್ಜಾರ, ಇನ್ನೊಮ್ಮೆ ಹೋಗೂದಿದ್ರ ಹೇಳ್ರಿ, ನಾ ಬಾಗ್ಲಾ ಹಿಡೀತೀನಿ!"

ಬೇರೆ ಯಾರಾದರೂ ಆಗಿದ್ದರೆ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಇವರು ಬಸ್ಸಿನಲ್ಲಿ ಕೂತು ಹೇಳಿದ್ದೇನು ಗೊತ್ತೇ? "ತಪ್ಪು ಸಿಕ್ತವಾ. ನಾ ಅವರನ್ನ ಕೇಳಲೇ ಇಲ್ಲ. ಅವರಿಗೆ ಎಂಥಾ ಚಿಲಕ ಬೇಕು, ಕೇಳಿಕೊಂಡು ಬಾ."

ಕೇಳಲು ಹೋದೆ. ಎಂಥ ಚಿಲಕ ಬೇಕು ಎಂದು ಕೇಳುವ ಹುಚ್ಚಿ ನಾನೊಬ್ಬಳೇ ಇರಬೇಕು. ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಒದ್ದೆ ಕೈಗೆ ಜಾರಬಾರದು. ಸಣ್ಣ ಮಕ್ಕಳಿಗೂ ಎಟುಕಬೇಕು. ಒಳಗೆ ತಲೆ ತಿರುಗಿ ಬಿದ್ದರೆ ಹೊರಗಿನಿಂದ ಕಡ್ಡಿ ತೂರಿಸಿ ತೆಗೆಯಲು ಬರಬೇಕು. ಕೊನೆಗೆ ಸಾಬಮ್ಮ ಅಂದಳು: "ಸಪ್ಪಳ ಆಗ್ಬೇಕ್ರಿ ಅಕ್ಕಾರ. ಸುಮ್ನ ಬಿದ್ರ, ಬಿತ್ತೋ ಇಲ್ಲೋ ಅಂತ ಜೀವ ಢವಢವ ಅಂತದ. ಠಕ್ ಅಂತ ಕೇಳಿದ್ರ ಧೈರ್ಯ ಬರ್ತದ."

ಮಾವನವರು ತಲೆಯ ಮೇಲೆ ಕೈ ಹೊತ್ತು ಕೂತರು. "ಜೀವನಪೂರ್ತಿ ಮಷೀನಿನ ಸಪ್ಪಳ ಕಡಿಮಿ ಮಾಡಾಕ ಪಗಾರ ತಗೊಂಡೀನಿ. ಈಗ ಈ ವಯಸ್ಸಿನ್ಯಾಗ ಸಪ್ಪಳ ಮಾಡೂದು ಕಲೀಬೇಕು!"

ಕಲಿತರು. ನಮ್ಮ ಮನೆಯೇ ಪ್ರಯೋಗಶಾಲೆ! ಅಡುಗೆಮನೆಗೊಂದು, ಮಲಗುವ ಕೋಣೆಗೊಂದು, ಬಟ್ಟೆಯ ಕಪಾಟಿಗೊಂದು ಚಿಲಕ. ಬೆಳಗಿನಿಂದ ಸಂಜೆಯವರೆಗೆ ಠಕ್, ಠಕ್, ಠಕ್. ಕೆಳಗಿನ ಮನೆಯ ಮರಾಠಿ ಆಜಿ ಹತ್ತಿ ಬಂದು, ಬಡಗಿ ಎಷ್ಟು ದಿನ ಇರುತ್ತಾನೆ ಎಂದು ವಿಚಾರಿಸಿ ಹೋದರು. ಕತ್ತಲಲ್ಲೂ ಹಾಕಲು ಬರಬೇಕೆಂದು ಮಾವನವರು ಅತ್ತೆಯ ಕಣ್ಣಿಗೆ ಪಂಚೆ ಕಟ್ಟಿ, ಕೈಗೆ ಸಾಬೂನು ಹಚ್ಚಿ, "ಈಗ ಹಾಕು" ಎನ್ನುತ್ತಿದ್ದರು.

"ಅಲ್ರೀ, ಲಗ್ನಾದಾಗಿಂದ ಒಂದು ದಿನಾ ಕೈ ಹಿಡದು ತಿರುಗಾಡ್ಲಿಕ್ಕೆ ಕರಕೊಂಡು ಹೋಗ್ಲಿಲ್ಲ. ಈಗ ಕೈಗೆ ಸಾಬೂನು ಹಚ್ಚಿ ಪಾಯಖಾನಿಗೆ ಕರಕೊಂಡು ಹೊಂಟೀರಲ್ಲ!" ಎಂದು ಅತ್ತೆ ಬೈದರು. ಬೈಯುತ್ತಲೇ ಚಿಲಕ ಹಾಕಿದರು. ಠಕ್ ಎಂದಿತು.

ಕೊನೆಗೆ ನಿಂತ ಚಿಲಕ ನೋಡಲು ಏನೂ ಚಂದವಿರಲಿಲ್ಲ. ಒಂದು ಕಬ್ಬಿಣದ ತೋಳು, ತನ್ನ ಭಾರಕ್ಕೆ ತಾನೇ ಬಂದು ಅಗಲವಾದ ಕೊಕ್ಕೆಯಲ್ಲಿ ಕೂರುತ್ತಿತ್ತು. ಬಾಗಿಲು ಎರಡು ಬೆರಳು ಜೋತುಬಿದ್ದರೂ ಸರಿಯೇ, ಅದು ಬೀಳುವ ಜಾಗಕ್ಕೇ ಬೀಳುತ್ತಿತ್ತು. ತೆಳು ತಗಡಿನ ಗೊಡವೆಯೇ ಬೇಡವೆಂದು ಅದನ್ನು ಬಾಗಿಲಿನ ಕಬ್ಬಿಣದ ಚೌಕಟ್ಟಿಗೆ ಬಿಗಿದರು. ಮುಕಾದಮನನ್ನು ಕಾಡಿ ಬೇಡಿ ಸರಳಿನ ತುಂಡು ಕೇಳಿ ಪಡೆದರು. ಬಗ್ಗಿಸುವುದನ್ನು ಮಾತ್ರ ತಾವು ಮಾಡಲಿಲ್ಲ, ಸಾಬಮ್ಮನ ಗಂಡನ ಕೈಯಲ್ಲೇ ಮಾಡಿಸಿದರು. "ನಾಳೆ ಇವರು ಬ್ಯಾರೆ ಸೈಟಿಗೆ ಹೋಗ್ತಾರ. ಅಲ್ಲಿ ನಾ ಇರ್ತೀನೇನು? ಅವರಿಗೇ ಬರ್ಬೇಕು" ಎಂದರು.

ಒಂದು ಭಾನುವಾರ ಎಲ್ಲ ಬಾಗಿಲಿಗೂ ಚಿಲಕ ಕೂತವು. ಮೊದಲು ಯಾರು ಹೋಗಬೇಕು? ಎಲ್ಲರೂ ಮುಖ ಮುಖ ನೋಡಿಕೊಂಡರು. ಸಾಬಮ್ಮ ಎದ್ದಳು. ಜ್ವರ ಇಳಿದಿತ್ತು, ಭಯ ಇಳಿದಿರಲಿಲ್ಲ. ಕೊಡದಿಂದ ತಂಬಿಗೆ ತುಂಬಿಕೊಂಡು ಗಟಗಟ ಕುಡಿದಳು. ಇನ್ನೊಂದು ತುಂಬಿ ಅದನ್ನೂ ಕುಡಿದಳು.

"ನಿಮ್ಮ ಮ್ಯಾಲ ಭರೋಸಾ ಇಟ್ಟು ಕುಡದೀನ್ ನೋಡ್ರಿ ಅಜ್ಜಾರ" ಎಂದು ನೆರಳಿನಲ್ಲಿ ಕೂತಳು. ಮಾವನವರ ಮುಖ ನೋಡಬೇಕಿತ್ತು! ಹುಡುಗಿ ನೋಡಲು ಬಂದ ದಿನ ನನ್ನ ಅಪ್ಪನ ಮುಖವೂ ಅಷ್ಟು ಬಿಳಿಚಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಹೋದಳು. ಮಾವನವರು ನೀರಿನ ಟ್ಯಾಂಕರಿನ ಆಚೆ ಹೋಗಿ ಬೆನ್ನು ಮಾಡಿ ನಿಂತರು. ಠಕ್! ಅಲ್ಲಿಯವರೆಗೂ ಕೇಳಿಸಿತು. ಹೆಂಗಸರೆಲ್ಲ ಹೋ ಎಂದು ಕೂಗಿದರು. ಬಾಗಿಲ ಮುಂದೆ ಯಾರೂ ನಿಂತಿರಲಿಲ್ಲ.

ಹೊತ್ತಾಯಿತು. ಸಾಬಮ್ಮ ಹೊರಗೆ ಬರಲಿಲ್ಲ. ಇನ್ನಷ್ಟು ಹೊತ್ತಾಯಿತು. ಮಾವನವರು ಸ್ಕ್ರೂಡ್ರೈವರ್ ಹಿಡಿದು ಒದ್ದಾಡತೊಡಗಿದರು. "ಸಿಕ್ಕೊಂಡದ ಅನಸ್ತದವಾ. ಹೊಟ್ಯಾಗ ಕೂಸು ಇಟ್ಕೊಂಡು ಆ ತಗಡಿನ್ಯಾಗ... ಓಡು, ಹೊರಗಿಂದ ಕಡ್ಡಿ ಹಾಕಿ ಎತ್ತು!"

ಓಡಿದೆ. ಬಾಗಿಲು ತಟ್ಟಿ ಕೇಳಿದೆ: "ಸಾಬಮ್ಮ, ಚಿಲಕ ಬರ್ತಿಲ್ವಾ? ಹೊರಗಿಂದ ತೆಗೀಲಾ?"

"ಬ್ಯಾಡ್ರಿ ಅಕ್ಕಾರ, ತೆಗೀಬ್ಯಾಡ್ರಿ." ಒಳಗಿನ ದನಿ ಸಣ್ಣಗಿತ್ತು. "ಚಿಲಕ ಛಲೋ ಅದ. ನಾ ಸುಮ್ನ ನಿಂತೀನ್ರಿ. ಊರು ಬಿಟ್ಟು ಬಂದಮ್ಯಾಲ ಬಾಗ್ಲಾ ಹಾಕ್ಕೊಂಡು ಒಬ್ಬಾಕೀನೇ ಇದ್ದದ್ದು ಇವತ್ತೇ ನೋಡ್ರಿ. ಒಂದೀಟು ಹೊತ್ತು ಇರ್ತೀನ್ರಿ."

ವಾಪಸು ಬಂದು ಅವಳ ಮಾತನ್ನು ಹಾಗೆಯೇ ಮಾವನವರಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಕನ್ನಡಕವನ್ನಲ್ಲ, ಕಣ್ಣನ್ನು.

ಸಾಲಿನಲ್ಲಿದ್ದ ಒಬ್ಬಳು ಕೂಗಿದಳು: "ಏ ಸಾಬಮ್ಮಾ, ಲಗೂನ ಬಾರಬೇ!"

ಮಾವನವರು ಈ ಕಡೆ ಮುಖ ತಿರುಗಿಸದೆಯೇ, ಮಷೀನುಗಳ ಗದ್ದಲದ ಮೇಲೆ ಕೂಗಿ ರೂಢಿಯಾದ ಅದೇ ದೊಡ್ಡ ದನಿಯಲ್ಲಿ ಹೇಳಿದರು:

"ಯಾರೂ ಕರೀಬ್ಯಾಡ್ರಿ ಆಕೀನ್ನ. ಇರಲಿ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರಲಿ."